ಶನಿವಾರದ ಫಿಸ್ಟುಲಾ ಸೆಟ್: ಕಟ್ಟಿದ್ದು, ಕೆಟ್ಟಿದ್ದು, ತಿದ್ದಿದ್ದು

ಬೆಂಗಳೂರಿನಿಂದ ತಿಂಗಳಿಗೆ ಎರಡು ಶನಿವಾರ ನಮ್ಮಲ್ಲಿಗೆ ಬರುವ ರಕ್ತನಾಳದ ಸರ್ಜನ್ ಇಷ್ಟು ದಿನ ತಮ್ಮ ಉಪಕರಣಗಳನ್ನು ತಾವೇ ಒಂದು ನೀಲಿ ಪೆಟ್ಟಿಗೆಯಲ್ಲಿ ತರುತ್ತಿದ್ದರು. ಅವರು ಬರುವುದು ಒಂಬತ್ತಕ್ಕೆ. ಪೆಟ್ಟಿಗೆ ಹಬೆಯಲ್ಲಿ ಸೂಕ್ಷ್ಮಾಣು ಕೊಲ್ಲುವ ಆಟೊಕ್ಲೇವ್‌ನಿಂದ ಹೊರಬಂದು ತಣಿಯುವಷ್ಟರಲ್ಲಿ ಹನ್ನೊಂದಾಗುತ್ತಿತ್ತು. ಅಲ್ಲಿಯವರೆಗೆ ಅವರು ಎರಡು ಕಾಫಿ ಕುಡಿಯುತ್ತಿದ್ದರು, ರೋಗಿ ಗೋಡೆಯ ಗಡಿಯಾರ ನೋಡುತ್ತಾ ಕೂತಿರುತ್ತಿದ್ದರು. ಕಳೆದ ಸಲ ಹೊರಡುವಾಗ ಕಾರಿನ ಬಾಗಿಲು ಹಿಡಿದು ನಿಂತು, ‘ಮುಂದಿನ ತಿಂಗಳಿನಿಂದ ಸೆಟ್ ನಿಮ್ಮದೇ ಇರಲಿ. ನಾನು ಲೂಪ್ ಒಂದನ್ನೇ ತರುತ್ತೇನೆ’ ಎಂದರು. ಲೂಪ್ ಎಂದರೆ ಕನ್ನಡಕಕ್ಕೆ ಕೂರಿಸಿದ ಪುಟ್ಟ ದುರ್ಬೀನು. ಅದು ಅವರವರ ಕಣ್ಣಿನ ಅಳತೆಗೆ ಮಾಡಿಸಿದ್ದು, ಹಂಚಿಕೊಳ್ಳಲು ಬರುವುದಿಲ್ಲ. ಉಳಿದದ್ದೆಲ್ಲ ನಮ್ಮ ತಲೆಗೆ ಬಂತು.

ನಾನು ಬಯಲುಸೀಮೆಯ ಒಂದು ಊರಿನ ಆಸ್ಪತ್ರೆಯಲ್ಲಿ ಓಟಿ, ಅಂದರೆ ಆಪರೇಷನ್ ಥಿಯೇಟರ್, ಟೆಕ್ನೀಷಿಯನ್. ಹದಿನಾರು ವರ್ಷಗಳಲ್ಲಿ ಹರ್ನಿಯಾ, ಸಿಸೇರಿಯನ್, ಮೂಳೆ ಎಲ್ಲದಕ್ಕೂ ಟೇಬಲ್ ಹೂಡಿದ್ದೇನೆ. ಆದರೆ ಫಿಸ್ಟುಲಾ ಸೆಟ್ ಅನ್ನು, ಅಂದರೆ ಡಯಾಲಿಸಿಸ್‌ಗೆಂದು ಕೈಯ ರಕ್ತನಾಳ ಜೋಡಿಸುವ ಆಪರೇಷನ್ನಿನ ಉಪಕರಣಗಳನ್ನು, ಬುಡದಿಂದ ಕಟ್ಟಿದ್ದು ಇದೇ ಮೊದಲು. ನಾಲ್ಕು ವಾರ ಏನೇನು ಮಾಡಿದೆವು ಎಂಬುದನ್ನು ಹಳೆಯ ರಿಜಿಸ್ಟರಿನ ಹಿಂದಿನ ಪುಟಗಳಲ್ಲಿ ಗೀಚಿಟ್ಟಿದ್ದೆ. ಅದನ್ನೇ ಸ್ವಲ್ಪ ಓರಣ ಮಾಡಿ ಇಲ್ಲಿ ಬರೆದಿದ್ದೇನೆ.

ಡಯಾಲಿಸಿಸ್ ಯಂತ್ರಕ್ಕೆ ನಿಮಿಷಕ್ಕೆ ಸುಮಾರು 300 ಮಿಲಿಲೀಟರ್ ರಕ್ತ ಬೇಕು. ಕೈಯ ಮಾಮೂಲು ಸಿರೆಯಲ್ಲಿ ಅಷ್ಟು ಹರಿವು ಇಲ್ಲ. ಅಪಧಮನಿಯಲ್ಲಿ ಹರಿವು ಇದೆ, ಆದರೆ ವಾರಕ್ಕೆ ಮೂರು ಸಲ ದಪ್ಪ ಸೂಜಿ ಚುಚ್ಚುವಂಥ ಜಾಗ ಅದಲ್ಲ. ಹಾಗಾಗಿ ಮಣಿಕಟ್ಟಿನ ಹತ್ತಿರ ಸಿರೆಯ ತುದಿಯನ್ನು ಕತ್ತರಿಸಿ ಅಪಧಮನಿಯ ಪಕ್ಕಕ್ಕೆ ಹೊಲಿಯುತ್ತಾರೆ. ಅಪಧಮನಿಯ ರಭಸ ಸಿರೆಗೆ ನುಗ್ಗುತ್ತದೆ, ಕೆಲವು ವಾರಗಳಲ್ಲಿ ಸಿರೆ ಹಿಗ್ಗಿ, ಗೋಡೆ ದಪ್ಪವಾಗಿ ಸೂಜಿಗೆ ಸಿದ್ಧವಾಗುತ್ತದೆ. ಈ ಜೋಡಣೆಯೇ ಫಿಸ್ಟುಲಾ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಮಾಜಿ ಸೈನಿಕರ ಆಸ್ಪತ್ರೆಯ ಬ್ರೆಶಿಯಾ, ಸಿಮಿನೊ ಮತ್ತು ಅವರ ಜೊತೆಗಾರರು ಸಿರೆಯನ್ನು ಅಪಧಮನಿಗೆ ಜೋಡಿಸುವ ಈ ಉಪಾಯವನ್ನು 1966ರಲ್ಲಿ ಪ್ರಕಟಿಸಿದರು. ಹೊಲಿದ ಕೈ ಸರ್ಜನ್ ಅಪೆಲ್ ಅವರದು, ಆದರೆ ಓಟಿಗಳಲ್ಲಿ ಉಳಿದ ಹೆಸರು ಸಿಮಿನೊ. ಟೇಬಲ್ ಹೂಡುವವರ ಹೆಸರಂತೂ ಯಾವ ಕಾಲಕ್ಕೂ ಎಲ್ಲೂ ಬರುವುದಿಲ್ಲ, ಅದಿರಲಿ.

ಮೊದಲ ಸೋಮವಾರ: ಇರುವುದನ್ನು ಹರವಿದ್ದು

ಓಟಿಯ ಹಿಂದಿನ ಕೋಣೆಯಲ್ಲಿ ಹಸಿರು ಬಟ್ಟೆ ಹಾಸಿ ಜನರಲ್ ಸೆಟ್ ಹರವಿದೆ. 52 ಉಪಕರಣ. ಮಣಿಕಟ್ಟಿನ ಮೂರು ಸೆಂಟಿಮೀಟರ್ ಗಾಯಕ್ಕೆ ಇಷ್ಟನ್ನು ತೆರೆಯುವುದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟ ಹಾಗೆ. ಅದರಿಂದ ಆರಿಸಿಕೊಂಡದ್ದು 3ನೇ ನಂಬರಿನ ಬ್ಲೇಡ್ ಹಿಡಿಕೆ, ಆಡ್ಸನ್ ಚಿಮಟ ಎರಡು, ಮಸ್ಕಿಟೊ ಎಂಬ ಸಣ್ಣ ಮೂತಿಯ ಕ್ಲಾಂಪ್ ಆರು, ಬಟ್ಟೆ ಕಚ್ಚುವ ಕ್ಲಿಪ್ ನಾಲ್ಕು, ಚರ್ಮ ಹೊಲಿಯಲು ಒಂದು ಸಣ್ಣ ನೀಡಲ್ ಹೋಲ್ಡರ್.

ಇಲ್ಲದ್ದರ ಪಟ್ಟಿ ಉದ್ದವಿತ್ತು. ಅಪಧಮನಿಯಲ್ಲಿ ಬ್ಲೇಡಿನಿಂದ ಚುಚ್ಚಿದ ರಂಧ್ರವನ್ನು ಉದ್ದಕ್ಕೆ ಸೀಳುವ, ಮೂತಿ ಓರೆಯಾದ ಪಾಟ್ಸ್ ಕತ್ತರಿ. ನಾಳವನ್ನು ನೋಯಿಸದೆ ಹಿಡಿಯುವ ಸಣ್ಣ ಮೂತಿಯ ಡಿಬೇಕಿ ಚಿಮಟ. ರಕ್ತ ತಡೆಯುವ ಬುಲ್‌ಡಾಗ್ ಕ್ಲಾಂಪ್. ಸಿರೆಯ ಬಾಯಿ ಅಗಲಿಸಲು 1ರಿಂದ 3 ಮಿಲಿಮೀಟರ್‌ವರೆಗಿನ ಡೈಲೇಟರ್. ನಾಳದ ಕೆಳಗೆ ನುಸುಳಲು ಮೂತಿ ಬಾಗಿದ ನವುರು ಫೋರ್ಸೆಪ್ಸ್. ತಾನೇ ಹಿಡಿದು ನಿಲ್ಲುವ ಪುಟ್ಟ ರಿಟ್ರಾಕ್ಟರ್. ಪೆನ್ನಿನಂತೆ ಹಿಡಿಯುವ ಕ್ಯಾಸ್ಟ್ರೊವೀಹೊ ನೀಡಲ್ ಹೋಲ್ಡರ್.

ಕೊನೆಯದು ಮನೆಯಲ್ಲೇ ಸಿಕ್ಕಿತು. ಹಿಂದೆ ನಮ್ಮಲ್ಲಿ ಕಣ್ಣಿನ ಆಪರೇಷನ್ ನಡೆಯುತ್ತಿದ್ದ ಕಾಲದ ಒಂದು ಬೀರು ಇದೆ, ಬೀಗದ ಕೈ ಹೆಡ್ ಸಿಸ್ಟರ್ ಬಳಿ. ಬೀಗ ತೆಗೆಯುವ ಮೊದಲು ಅವರು, ‘ಅದರಲ್ಲಿ ಏನೂ ಇಲ್ಲ, ನೋಡಿಕೊಳ್ಳಿ’ ಎಂದರು. ಹತ್ತಿ ಸುತ್ತಿದ ಎರಡು ಕ್ಯಾಸ್ಟ್ರೊವೀಹೊ ಇದ್ದವು. ಒಂದರ ಲಾಕ್ ಸಲೀಸಾಗಿತ್ತು, ಆದರೆ ನಾಳ ಹೊಲಿಯುವ ಅತಿ ಸಪೂರ 7-0 ದಾರದ ಸೂಜಿ ಕಚ್ಚಿಸಿ ಬೆರಳಿನಿಂದ ತಿರುಗಿಸಿದರೆ ಸೂಜಿ ಗಿರಕಿ ಹೊಡೆಯಿತು. ದವಡೆ ಸವೆದಿದೆ. ಇನ್ನೊಂದರ ದವಡೆ ಗಟ್ಟಿ, ಲಾಕ್ ಮಾತ್ರ ಹಿಡಿದುಕೊಂಡಿತ್ತು. ಕಿಣ್ವದ ದ್ರಾವಣದಲ್ಲಿ ನೆನೆಸಿ, ನವುರು ಬ್ರಷ್‌ನಿಂದ ಸಂದುಗಳನ್ನು ಉಜ್ಜಿ, ಉಪಕರಣದ ಹಾಲು ಹಾಕಿದ ಮೇಲೆ ಲಾಕ್ ಬಿಟ್ಟಿತು, ಪೂರ್ತಿ ಅಲ್ಲ. ಹಾಲು ಎಂದರೆ ನೀರಿನಲ್ಲಿ ಬೆರೆಯುವ ಬಿಳಿ ಲೂಬ್ರಿಕೆಂಟ್. ಹೊಲಿಗೆ ಯಂತ್ರದ ಎಣ್ಣೆಯೊಂದು ಹನಿ ಬಿಟ್ಟರೆ ಸಾಕಲ್ಲ ಎಂದು ಹೊಸ ಹುಡುಗನೊಬ್ಬ ಕೇಳಿದ. ಬಿಟ್ಟರೆ ಸಲೀಸಾಗಿ ಓಡುತ್ತದೆ, ನಿಜ. ಆದರೆ ಎಣ್ಣೆಯ ಪದರದ ಕೆಳಗೆ ಹಬೆ ಇಳಿಯುವುದಿಲ್ಲ, ಅಲ್ಲಿ ಕೂತ ಸೂಕ್ಷ್ಮಾಣು ಆಟೊಕ್ಲೇವ್‌ನಿಂದ ಬದುಕಿ ಬರಬಹುದು.

ಉಳಿದವನ್ನು ಬೆಂಗಳೂರಿನ ವ್ಯಾಪಾರಿಯಿಂದ ತರಿಸಿದೆವು. ಖರೀದಿ ವಿಭಾಗದ ಜೊತೆ ನಡೆದ ಮಾತುಕತೆಯನ್ನು ಬರೆದರೆ ಅದೇ ಬೇರೆ ಪುಸ್ತಕವಾಗುತ್ತದೆ.

ಮೊದಲ ಶುಕ್ರವಾರ: ಕಂದು ಚುಕ್ಕೆ

ಬಂದವನ್ನು ತೊಳೆದು, ಒರೆಸಿ, ಪರೀಕ್ಷೆಗೆಂದು ಒಮ್ಮೆ ಆಟೊಕ್ಲೇವ್ ಮಾಡಿದೆವು. ಹೊರಗೆ ತೆಗೆದಾಗ ಹೊಸ ಚಿಮಟದ ಮೈಮೇಲೆ ಕಂದು ಚುಕ್ಕೆ. ಎಲ್ಲರ ಬಾಯಲ್ಲೂ ಒಂದೇ ಮಾತು: ಕಳಪೆ ಉಕ್ಕು, ವಾಪಸ್ ಕಳಿಸಿ.

ಸಿಎಸ್‌ಎಸ್‌ಡಿಯಲ್ಲಿ, ಅಂದರೆ ತೊಳೆದು ಸ್ಟೆರೈಲ್ ಮಾಡುವ ವಿಭಾಗದಲ್ಲಿ, ಒಬ್ಬ ಹಿರಿಯರಿದ್ದಾರೆ. ವಯಸ್ಸಿನಲ್ಲೂ ಕೆಲಸದಲ್ಲೂ ದೊಡ್ಡವರು, ಎಲ್ಲರೂ ಅಣ್ಣ ಎಂದೇ ಕರೆಯುತ್ತೇವೆ. ಅವರು ಮಾತಾಡದೆ ಮೇಜಿನ ಖಾನೆಯಿಂದ ಮಕ್ಕಳ ಪೆನ್ಸಿಲ್ ರಬ್ಬರ್ ತೆಗೆದು ಚುಕ್ಕೆಯನ್ನು ಉಜ್ಜಿದರು. ಚುಕ್ಕೆ ಹೋಯಿತು, ಕೆಳಗಿನ ಲೋಹ ನುಣುಪಾಗಿತ್ತು. ‘ಇದು ತುಕ್ಕಲ್ಲ, ನಮ್ಮ ನೀರಿನ ಕಲೆ’ ಎಂದರು. ಆಮೇಲೆ ನಮ್ಮ ಹಳೆಯ ಮಸ್ಕಿಟೊ ಒಂದನ್ನು ಎತ್ತಿ ಅದರ ಕೀಲಿನ ಬಳಿ ಉಜ್ಜಿದರು. ಬಣ್ಣ ಹೋಯಿತು, ಆದರೆ ಅಡಿಯಲ್ಲಿ ಸೂಜಿಮೊನೆಯಷ್ಟು ಗುಳಿ ಕಾಣಿಸಿತು. ‘ಇದು ತುಕ್ಕು. ಇದನ್ನು ಬಿಸಾಡಿ. ಯಾರೋ ರಾತ್ರಿಯಿಡೀ ಸಲೈನ್‌ನಲ್ಲಿ ನೆನೆಹಾಕಿದ್ದಾರೆ.’ ಉಪ್ಪುನೀರು ಉಕ್ಕನ್ನು ಗುಳಿ ಗುಳಿಯಾಗಿ ತಿನ್ನುತ್ತದೆ ಎಂಬುದು ನಮಗೆಲ್ಲ ಗೊತ್ತು. ಗೊತ್ತಿದ್ದೂ ರಾತ್ರಿ ಪಾಳಿಯಲ್ಲಿ ಕೈಗೆ ಮೊದಲು ಸಿಗುವುದು ಸಲೈನ್ ಬಾಟಲಿ.

ಕೊಳಾಯಿಯ ಬೋರ್‌ವೆಲ್ ನೀರಿಗೆ, ಅದರಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಇಟ್ಟೆ: 1140. ಈ ಊರಿನ ಮನೆಗಳಲ್ಲಿ ಬೇಳೆ ಬೇಯುವುದಿಲ್ಲ, ಗೀಸರ್ ಎರಡು ವರ್ಷ ಬಾಳುವುದಿಲ್ಲ. ಅದೇ ನೀರಿನಲ್ಲಿ ಕೊನೆಯ ಜಾಲಾಡಿಕೆ ಮಾಡಿ ಒಣಗಿಸಿದರೆ ಸುಣ್ಣ ಉಪಕರಣದ ಮೇಲೆ ಉಳಿಯದೆ ಎಲ್ಲಿಗೆ ಹೋಗಬೇಕು? ದೊಡ್ಡ ಉಪಕರಣಕ್ಕೆ ಅದು ಬರೀ ಕಲೆ. ಮಿಲಿಮೀಟರ್ ಅಗಲದ ಮೂತಿಗೆ ಹಾಗಲ್ಲ. ಹಲ್ಲಿನ ಸಂದಿಗೆ ಸುಣ್ಣ ಕೂತರೆ ಹಿಡಿತ ತಪ್ಪುತ್ತದೆ.

ಡಿಸ್ಟಿಲ್ಡ್ ವಾಟರ್ ತರಿಸೋಣ ಎಂದು ಅರ್ಜಿ ಬರೆಯುತ್ತಿದ್ದೆ. ಆಗ ಅಣ್ಣ ಹೇಳಿದರು: ‘ಮನೆಯಲ್ಲಿ ಹಸು ಕಟ್ಟಿಕೊಂಡು ಹಾಲಿಗೆ ಡೇರಿಗೆ ಹೋಗುತ್ತೀರಲ್ಲ.’ ಕೆಳಗಿನ ಮಹಡಿಯಲ್ಲೇ ಡಯಾಲಿಸಿಸ್ ಘಟಕ, ಅದರ ಬೆನ್ನಿಗೆ ಆರ್‌ಒ ಪ್ಲಾಂಟ್. ಒಂದು ಸಲದ ನಾಲ್ಕು ಗಂಟೆಯ ಡಯಾಲಿಸಿಸ್‌ನಲ್ಲಿ ರೋಗಿಯ ರಕ್ತದ ಎದುರು ತೆಳು ಪೊರೆಯ ಆಚೆ ಸುಮಾರು 120 ಲೀಟರ್ ದ್ರವ ಹರಿಯುತ್ತದೆ. ಆದ್ದರಿಂದ ಆ ನೀರನ್ನು ಮೆದುವಾಗಿಸಿ, ಇದ್ದಿಲಿನ ಟ್ಯಾಂಕಿನಲ್ಲಿ ಕ್ಲೋರಿನ್ ತೆಗೆದು, ಪೊರೆಯಿಂದ ಸೋಸುತ್ತಾರೆ. ಅಲ್ಲಿನ ನೀರಿಗೆ ಮೀಟರ್ ಇಟ್ಟೆ: 14.

ಡಯಾಲಿಸಿಸ್ ಟೆಕ್ನೀಷಿಯನ್ ಹುಡುಗ ಒಪ್ಪಿದ, ಆದರೆ ಷರತ್ತು ಹಾಕಿದ. ‘ಪಾಳಿ ನಡೆಯುವಾಗ ಬರಬೇಡಿ ಸರ್, ಲೈನಿನ ಒತ್ತಡ ಇಳಿದರೆ ಯಂತ್ರಗಳೆಲ್ಲ ಕೂಗುತ್ತವೆ. ಸಂಜೆ ಬನ್ನಿ. ಐದು ಲೀಟರ್ ಕ್ಯಾನ್, ಅದಕ್ಕಿಂತ ಹೆಚ್ಚಿಲ್ಲ. ಅವತ್ತಿನ ನೀರು ಅವತ್ತೇ ಬಳಸಿ.’ ಷರತ್ತು ಸರಿಯಾದದ್ದೇ. ಕ್ಲೋರಿನ್ ತೆಗೆದ ನೀರು ಕ್ಯಾನಿನಲ್ಲಿ ದಿನಗಟ್ಟಲೆ ನಿಂತರೆ ಸೂಕ್ಷ್ಮಾಣು ಬೆಳೆಯಲು ತಡೆಯೇ ಇರುವುದಿಲ್ಲ. ಅಂದಿನಿಂದ ತೊಳೆಯುವುದು ಕೊಳಾಯಿ ನೀರು, ಕೊನೆಯ ಜಾಲಾಡಿಕೆ ಆರ್‌ಒ ನೀರು. ಚುಕ್ಕೆ ನಿಂತಿತು. ಕ್ಯಾನ್ ಹೊರುವ ಕೆಲಸ ನನಗೆ ಗಂಟುಬಿತ್ತು.

ಎರಡನೇ ವಾರ: ಬುಲ್‌ಡಾಗ್‌ಗಳ ಪರೀಕ್ಷೆ

ಆರು ಬುಲ್‌ಡಾಗ್ ಬಂದಿದ್ದವು, ನಾಲ್ಕು ಹೊಸವು, ಎರಡು ಹಳೆಯ ದಾಸ್ತಾನಿನವು. ಬಟ್ಟೆ ಒಣಹಾಕುವ ಕ್ಲಿಪ್ಪಿನ ತಮ್ಮನಂತೆ ಕಾಣುವ ಈ ಸಣ್ಣ ಸ್ಪ್ರಿಂಗ್ ಕ್ಲಾಂಪ್ ಅಪಧಮನಿಯ ಎರಡೂ ಬದಿ ಕಚ್ಚಿ ರಕ್ತ ನಿಲ್ಲಿಸಬೇಕು. ಸಡಿಲವಾದರೆ ಹೊಲಿಗೆಯ ನಡುವೆ ರಕ್ತ ಚಿಮ್ಮಿ ಏನೂ ಕಾಣದಂತಾಗುತ್ತದೆ. ಬಿಗಿಯಾದರೆ ನಾಳದ ಒಳಪದರ ನಲುಗಿ, ಅದೇ ಗಾಯದ ಮೇಲೆ ರಕ್ತ ಹೆಪ್ಪುಗಟ್ಟಿ ಫಿಸ್ಟುಲಾ ಮುಚ್ಚಿಹೋಗಬಹುದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಬೆರಳಿನಲ್ಲಿ ಒತ್ತಿ ‘ಚೆನ್ನಾಗಿದೆ’ ಎನ್ನುವುದು ಪರೀಕ್ಷೆಯಲ್ಲ.

ಬಸ್ ನಿಲ್ದಾಣದ ಬಳಿಯ ಸೈಕಲ್ ಅಂಗಡಿಯಿಂದ ವಾಲ್‌ಟ್ಯೂಬ್ ತಂದೆ. ಹಳೆಯ ಸೈಕಲ್ಲಿನ ಗಾಳಿಯ ವಾಲ್‌ಗೆ ಹಾಕುವ ಮೆದು ರಬ್ಬರಿನ ಸಪೂರ ಕೊಳವೆ ಅದು. ಅಂಗಡಿಯವರು, ‘ಯಾವ ಸೈಕಲ್ಲು?’ ಎಂದು ಕೇಳಿದರು. ಅಪಧಮನಿಗೆ ಎಂದು ಹೇಳಲು ಬಾಯಿ ಬರಲಿಲ್ಲ. ವಾಲ್‌ಟ್ಯೂಬಿನ ಒಂದು ತುದಿಯನ್ನು ತ್ರೀ-ವೇ ಎಂಬ ಮೂರು ಬಾಯಿಯ ಪುಟ್ಟ ನಲ್ಲಿಯ ಮೂತಿಗೆ ಎಳೆದು ದಾರದಿಂದ ಬಿಗಿದೆ. ತ್ರೀ-ವೇಯ ಇನ್ನೊಂದು ಬಾಯಿಗೆ ಬಿಪಿ ನೋಡುವ ಉಪಕರಣದ ಡಯಲ್ ಮತ್ತು ಗಾಳಿ ಒತ್ತುವ ಬಲ್ಬು. ವಾಲ್‌ಟ್ಯೂಬಿನ ತೆರೆದ ತುದಿ ಗಾಜಿನ ಲೋಟದ ನೀರಿನಲ್ಲಿ. ನಡುವೆ ಬುಲ್‌ಡಾಗ್ ಕಚ್ಚಿಸಿ ಬಲ್ಬು ಒತ್ತುವುದು, ಗುಳ್ಳೆ ಬಂದರೆ ಸೋರುತ್ತಿದೆ ಎಂದು ಅರ್ಥ.

ಮೂತ್ರಪಿಂಡದ ರೋಗಿಗಳ ರಕ್ತದೊತ್ತಡ 180 ಮುಟ್ಟುವುದು ಅಪರೂಪವಲ್ಲ. ಅದಕ್ಕೆ 200 ತನಕ ಏರಿಸಿ ಒಂದು ನಿಮಿಷ ಕಾಯುವುದೆಂದು ನಿಯಮ ಮಾಡಿಕೊಂಡೆವು. ಮೊದಲ ಮೂರು ಹೊಸವು ಗಟ್ಟಿಯಾಗಿ ನಿಂತವು. ನಾಲ್ಕನೆಯದು, ಅದೂ ಹೊಸದೇ, 120ಕ್ಕೆ ಗುಳುಗುಳು ಎಂದಿತು. ಭೂತಗನ್ನಡಿಯಲ್ಲಿ ನೋಡಿದರೆ ದವಡೆ ಓರೆ, ಒಂದು ತುದಿ ಮುಚ್ಚಿದಾಗ ಇನ್ನೊಂದು ತುದಿಯಲ್ಲಿ ಕೂದಲೆಳೆಯ ಬೆಳಕು. ಹಳೆಯ ಎರಡರಲ್ಲಿ ಒಂದು ನಿಂತಿತು, ಇನ್ನೊಂದು 160ರ ಬಳಿ ನಿಧಾನಕ್ಕೆ ಒಂದೊಂದೇ ಗುಳ್ಳೆ ಬಿಟ್ಟಿತು. ಅದರ ಸ್ಪ್ರಿಂಗ್ ದಣಿದಿತ್ತು. ಟೇಬಲ್ ಮೇಲೆ ಅಪಾಯಕಾರಿ ಇಂಥದ್ದೇ, ಏಕೆಂದರೆ ಕಚ್ಚಿಸಿದಾಗ ಸರಿಯಾಗಿಯೇ ಕಾಣುತ್ತದೆ, ಸೋರುವುದು ಎರಡು ನಿಮಿಷದ ಮೇಲೆ.

ನಿಂತ ನಾಲ್ಕನ್ನೂ ಗ್ಲೌಸಿನ ರಬ್ಬರಿನ ಪಟ್ಟಿಗಳಿಗೆ ಕಚ್ಚಿಸಿ ಅರ್ಧ ಗಂಟೆ ಬಿಟ್ಟೆ. ಹಳೆಯದು ಪಟ್ಟಿಯ ಮೇಲೆ ಹಲ್ಲಿನ ಗುರುತು ಬಿಟ್ಟಿತ್ತು. ಅದನ್ನೂ ತೆಗೆದೆ. ಆರರಲ್ಲಿ ಉಳಿದದ್ದು ಮೂರು.

ಸರ್ಜನ್‌ಗೆ ಫೋನ್ ಮಾಡಿ ವಿವರಿಸಿದಾಗ ನಕ್ಕರು, ಆಮೇಲೆ ಒಂದು ಎಚ್ಚರಿಕೆ ಕೊಟ್ಟರು. ವಾಲ್‌ಟ್ಯೂಬ್ ಮೆದು, ಅದರ ಗೋಡೆ ಎಲ್ಲ ಕಡೆ ಒಂದೇ ಸಮ. ವರ್ಷಗಟ್ಟಲೆ ಸಕ್ಕರೆ ಕಾಯಿಲೆ ಇರುವವರ ಅಪಧಮನಿ ಹಾಗಿರುವುದಿಲ್ಲ, ಗೋಡೆಯಲ್ಲಿ ಸುಣ್ಣ ಕಟ್ಟಿ ಗಡುಸಾಗಿರುತ್ತದೆ, ಯಾವ ಬುಲ್‌ಡಾಗ್‌ಗೂ ಬಗ್ಗುವುದಿಲ್ಲ. ಅಂಥವರಿಗೆ ತೋಳಿಗೆ ಕಟ್ಟುವ ಟೂರ್ನಿಕೆ ಪಕ್ಕದಲ್ಲಿರಬೇಕು. ನಮ್ಮ ಕೊಳಾಯಿಯ ಕಥೆಯೇ ಅವರ ಮೈಯೊಳಗೂ ನಡೆದಿರುತ್ತದೆ ಎಂದುಕೊಂಡು ಪಟ್ಟಿಗೆ ಟೂರ್ನಿಕೆ ಸೇರಿಸಿದೆ.

ಎರಡನೇ ವಾರದ ಕೊನೆ: ಬಾಗಿದ ಮೂತಿ

ಇದು ನನ್ನದೇ ತಪ್ಪು. ಟ್ರೇಗೆ ಚಾಪೆ ಇನ್ನೂ ಬಂದಿರಲಿಲ್ಲ. ಪಾಟ್ಸ್ ಕತ್ತರಿಯನ್ನು ಗಾಜ್ ಬಟ್ಟೆಯ ತುಂಡಿನಲ್ಲಿ ಸುತ್ತಿ ಉಳಿದವುಗಳ ಜೊತೆ ಸ್ಟೀಲ್ ಡ್ರಮ್‌ನಲ್ಲಿ ಇಟ್ಟೆ. ಡ್ರಮ್ ಎತ್ತುವಾಗ ಓರೆಯಾಯಿತು, ರಿಟ್ರಾಕ್ಟರ್ ಜಾರಿ ಕತ್ತರಿಯ ಮೇಲೆ ಕೂತಿತು. ಒದ್ದೆ ಟಿಶ್ಯೂ ಕಾಗದ ಕತ್ತರಿಸಿ ನೋಡಿದರೆ ಬುಡದಲ್ಲಿ ಕತ್ತರಿಸುತ್ತದೆ, ತುದಿಯಲ್ಲಿ ಅಗಿಯುತ್ತದೆ. ತುದಿಯೇ ಕೆಲಸ ಮಾಡಬೇಕಾದ ಜಾಗ.

ಸಂತೆಯಲ್ಲಿ ಸಾಣೆ ಹಿಡಿಯುವವರಿಗೆ ಕೊಟ್ಟರೆ ಐದು ನಿಮಿಷದ ಕೆಲಸ ಎಂದು ಒಬ್ಬರು ಸಲಹೆ ಕೊಟ್ಟರು. ಅವರಿಗೆ ಅಡಕತ್ತರಿ ಕೊಡಬಹುದು, ಇದನ್ನಲ್ಲ. ವ್ಯಾಪಾರಿಯ ಮೂಲಕ ರಿಪೇರಿಗೆ ಕಳಿಸಿದೆ, ಬರಲು ಹನ್ನೆರಡು ದಿನ ಹಿಡಿಯಿತು. ಅಷ್ಟರಲ್ಲಿ ಸಿಲಿಕಾನ್ ಚಾಪೆ ಬಂತು. ಬೆರಳಿನಂಥ ಮೆದು ಮುಳ್ಳುಗಳು ಎದ್ದಿರುವ ಚಾಪೆ, ನಡುವೆ ಉಪಕರಣ ಸಿಕ್ಕಿಸಿದರೆ ಟ್ರೇ ಓರೆಯಾದರೂ ಅಲುಗುವುದಿಲ್ಲ. ಗಾಜ್ ಸುತ್ತುವುದನ್ನು ಅಂದೇ ಬಿಟ್ಟೆವು. ಅದರ ಎಳೆಯೊಂದು ಡಿಬೇಕಿಯ ಹಲ್ಲಿಗೆ ಸಿಕ್ಕಿದ್ದನ್ನೂ ಅದೇ ದಿನ ನೋಡಿದ್ದೆ. 7-0 ಪ್ರೋಲಿನ್ ದಾರದ ದಪ್ಪ ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗದ ಆಸುಪಾಸು. ಹತ್ತಿಯ ಎಳೆ ಅದರ ಪಕ್ಕದಲ್ಲಿ ಹಗ್ಗ.

ಚಾಪೆ ಹಾಕಿದ ಮೊದಲ ಪ್ಯಾಕ್ ಒದ್ದೆಯಾಗಿ ಬಂತು. 121 ಡಿಗ್ರಿ, 30 ನಿಮಿಷ, ಇಂಡಿಕೇಟರ್ ಪಟ್ಟಿಯ ಬಣ್ಣ ಸರಿಯಾಗಿ ಬದಲಾಗಿತ್ತು, ಆದರೂ ಹೊರಬಟ್ಟೆಯ ಮೇಲೆ ಅಂಗೈಯಗಲ ತೇವ. ತೇವದ ಬಟ್ಟೆಯ ಮೂಲಕ ಹೊರಗಿನ ಸೂಕ್ಷ್ಮಾಣು ಒಳಗೆ ಇಳಿಯುತ್ತದೆ, ಹಾಗಾಗಿ ಇಂಡಿಕೇಟರ್ ಏನೇ ಹೇಳಲಿ, ಒದ್ದೆ ಪ್ಯಾಕ್ ಸ್ಟೆರೈಲ್ ಅಲ್ಲ. ಬಟ್ಟಲುಗಳನ್ನು ಬಾಯಿ ಮೇಲಾಗಿ ಇಟ್ಟಿದ್ದೇ ಕಾರಣ, ಅವುಗಳಲ್ಲಿ ನೀರು ನಿಂತಿತ್ತು. ಮಗ್ಗುಲಾಗಿ ಇಟ್ಟು, ಒಣಗುವ ಸಮಯ ಹೆಚ್ಚಿಸಿದ ಮೇಲೆ ಸರಿಹೋಯಿತು.

ಮೂರನೇ ವಾರ: ನಾಲ್ಕು ಬಟ್ಟಲು ನೀರು

ಈ ಕೆಲಸದಲ್ಲಿ ನನಗೆ ನಿದ್ದೆಗೆಡಿಸಿದ್ದು ಕತ್ತರಿಯಲ್ಲ, ಬಟ್ಟಲು. ಟೇಬಲ್ ಮೇಲೆ ನಾಲ್ಕು ದ್ರವ ಇರುತ್ತವೆ: ಮರಗಟ್ಟಿಸುವ ಲಿಗ್ನೊಕೇನ್, ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಬೆರೆಸಿದ ಸಲೈನ್, ಬರೀ ಸಲೈನ್, ನಾಳ ಸೆಟೆದುಕೊಂಡರೆ ಸಡಿಲಿಸುವ ಪಾಪಾವರಿನ್. ನಾಲ್ಕೂ ನೋಡಲು ನೀರು.

ಅದಕ್ಕೂ ಮೊದಲಿನ ಅಪಾಯ ಹೆಪಾರಿನ್ ಸೀಸೆಯದು. ನಮ್ಮ ಫಾರ್ಮಸಿಯಲ್ಲಿ ಎರಡು ಬಗೆ ಇವೆ. ಎರಡೂ 5 ಮಿಲಿಲೀಟರ್ ಸೀಸೆ. ಒಂದರಲ್ಲಿ ಮಿಲಿಗೆ 1000 ಯೂನಿಟ್, ಇನ್ನೊಂದರಲ್ಲಿ ಮಿಲಿಗೆ 5000. ಎರಡನ್ನೂ ಅಕ್ಕಪಕ್ಕ ಇಟ್ಟು ಮೂರು ಹೆಜ್ಜೆ ದೂರದಿಂದ ನೋಡಿದೆ. ಅವಳಿ ಮಕ್ಕಳ ಹಾಗೆ, ಹೆತ್ತವರಿಗೆ ಮಾತ್ರ ಗುರುತು ಸಿಗಬೇಕು. ನಮ್ಮ ಸರ್ಜನ್ ಕೇಳುವ ಅಳತೆ 500 ಮಿಲಿ ಸಲೈನ್‌ಗೆ 5000 ಯೂನಿಟ್, ಅಂದರೆ ಮಿಲಿಗೆ 10. ಕಡಿಮೆ ಶಕ್ತಿಯ ಸೀಸೆಯಾದರೆ ಪೂರ್ತಿ ಸುರಿದರೆ ಲೆಕ್ಕ ಸರಿ. ಹೆಚ್ಚು ಶಕ್ತಿಯದನ್ನು ಅದೇ ಅಭ್ಯಾಸದಲ್ಲಿ ಪೂರ್ತಿ ಸುರಿದರೆ 25,000. ಮೂತ್ರಪಿಂಡ ಕೆಟ್ಟವರಿಗೆ ಮೊದಲೇ ರಕ್ತ ಬೇಗ ನಿಲ್ಲುವುದಿಲ್ಲ.

ಫಿಸ್ಟುಲಾ ಪೆಟ್ಟಿಗೆಗೆ ಮಿಲಿಗೆ 1000ದ ಸೀಸೆ ಒಂದೇ, ಇನ್ನೊಂದಕ್ಕೆ ಓಟಿಯ ಬಾಗಿಲೊಳಗೆ ಪ್ರವೇಶವಿಲ್ಲ ಎಂದು ಹೆಡ್ ಸಿಸ್ಟರ್ ಬರೆದು ಅಂಟಿಸಿದರು. ಬೆರೆಸುವವರು ಸೀಸೆಯ ಮೇಲಿನದನ್ನು ಗಟ್ಟಿಯಾಗಿ ಓದಬೇಕು, ಟೇಬಲ್‌ನಲ್ಲಿರುವವರು ಕಣ್ಣಾರೆ ನೋಡಿ ತಿರುಗಿ ಹೇಳಬೇಕು. ಮೊದಲ ದಿನ ಇದು ಶಾಲೆಯ ಮಗ್ಗಿಯಂತೆ ಕೇಳಿ ಎಲ್ಲರೂ ನಕ್ಕರು.

ಬಟ್ಟಲುಗಳಿಗೆ ಹೆಸರು ಬರೆಯುವುದು ಹೇಗೆ? ಟೇಬಲ್ ಹೂಡಿದ ಮೇಲೆ ಸ್ಟೆರೈಲ್ ಅಲ್ಲದ ಪೆನ್ನು ಮುಟ್ಟುವಂತಿಲ್ಲ. ಆಟೊಕ್ಲೇವ್ ಟೇಪಿನ ತುಂಡುಗಳ ಮೇಲೆ ಮೊದಲೇ ಬರೆದು, ಬಟ್ಟಲಿಗೆ ಅಂಟಿಸಿಯೇ ಪ್ಯಾಕ್ ಮಾಡಿದೆವು. ಮಾಮೂಲು ಬಾಲ್‌ಪೆನ್ನಿನ ಬರಹ ಹಬೆಗೆ ಹರಡಿ ‘ಹೆಪಾರಿನ್’ ಎಂಬುದು ಇರುವೆ ಸಾಲಿನಂತಾಯಿತು, ಪೆನ್ಸಿಲ್ ಬರಹ ಹಾಗೇ ಉಳಿಯಿತು. ಹೆಸರಿನ ಮೇಲೊಂದೇ ಭರವಸೆ ಬೇಡವೆಂದು ಸಿರಿಂಜಿನ ಗಾತ್ರವನ್ನೂ ಗೊತ್ತು ಮಾಡಿದೆವು. ಲಿಗ್ನೊಕೇನ್‌ಗೆ 10 ಮಿಲಿ, ಹೆಪಾರಿನ್ ಸಲೈನ್‌ಗೆ 20, ಪಾಪಾವರಿನ್‌ಗೆ 2. ಕೈಗೆ ಬಂದ ಸಿರಿಂಜಿನ ದಪ್ಪವೇ ಒಳಗಿರುವುದು ಏನೆಂದು ಹೇಳಬೇಕು.

ಇದೇ ವಾರ ಇನ್ನೊಂದು ಸಣ್ಣ ಕೆಲಸ. ಪ್ರೋಲಿನ್ ದಾರದ ಎರಡೂ ತುದಿಗೆ ಸೂಜಿ ಇರುತ್ತದೆ. ಒಂದು ಬದಿ ಹೊಲಿಯುವಾಗ ಇನ್ನೊಂದು ಬದಿಯನ್ನು ಮಸ್ಕಿಟೊದಿಂದ ಹಿಡಿದಿಡಬೇಕು. ಬರಿ ಉಕ್ಕಿನ ಹಲ್ಲು ದಾರವನ್ನು ಜಜ್ಜುತ್ತದೆ. ಜಜ್ಜಿದ ಕಡೆ ಅದು ಆಗಲ್ಲದಿದ್ದರೂ ಗಂಟು ಬಿಗಿಯುವಾಗ ಕಡಿಯುತ್ತದೆ. ಅದಕ್ಕೆ ಮಸ್ಕಿಟೊದ ಎರಡೂ ದವಡೆಗೆ ಮೆದು ಕೊಳವೆಯ ಟೊಪ್ಪಿ ಹಾಕುವುದು ರೂಢಿ. ಕೂಸುಗಳಿಗೆ ಹಾಲುಣಿಸುವ ಸ್ಟೆರೈಲ್ ಫೀಡಿಂಗ್ ಟ್ಯೂಬನ್ನು ಟೇಬಲ್ ಮೇಲೇ ತೆರೆದು ಒಂದೂವರೆ ಸೆಂಟಿಮೀಟರಿನ ನಾಲ್ಕು ತುಂಡು ಕತ್ತರಿಸುತ್ತೇವೆ. ಮೊದಲೇ ಹಾಕಿ ಆಟೊಕ್ಲೇವ್ ಮಾಡಿದರೆ ಟೊಪ್ಪಿಯ ಒಳಕ್ಕೆ ಹಬೆ ಹೋಗುತ್ತದೆಂಬ ಖಾತರಿ ಇಲ್ಲ. ಟೊಪ್ಪಿ ಜಾರಿ ಗಾಯದೊಳಗೆ ಬಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಆದ್ದರಿಂದ ಸೂಜಿ, ಗಾಜ್‌ಗಳ ಜೊತೆ ಟೊಪ್ಪಿಯೂ ಎಣಿಕೆಯ ಹಲಗೆಗೆ ಏರಿತು.

ಕೈ ಇಡುವ ಮೇಜು

ಓಟಿ ಟೇಬಲ್ಲಿನ ಪಕ್ಕದ ಹಲಗೆ ಡ್ರಿಪ್ ಹಾಕಿದ ಕೈ ಚಾಚಲು ಸಾಕು, ಎರಡು ಬದಿ ಇಬ್ಬರು ಕೂತು ಮೊಣಕೈ ಊರಲು ಸಾಲದು. ಬಸ್ ಡಿಪೋ ಹಿಂದಿನ ವೆಲ್ಡಿಂಗ್ ಶಾಪಿನಲ್ಲಿ 75 ಸೆಂಟಿಮೀಟರ್ ಉದ್ದ, 40 ಅಗಲದ ಸ್ಟೀಲ್ ಮೇಜು ಮಾಡಿಸಿದೆ. ಚೆನ್ನಾಗಿತ್ತು, ಅಲುಗುತ್ತಿತ್ತು. ಬರಿಗಣ್ಣಿಗೆ ಕಾಣದ ಅಲುಗಾಟ ಲೂಪಿನಲ್ಲಿ ಭೂಕಂಪ. ಕಾಲಿನಡಿ ರಬ್ಬರ್ ಹಾಕಿಸಿ, ಎರಡು ಕಾಲಿನ ನಡುವೆ ಅಡ್ಡಪಟ್ಟಿ ಬೆಸೆಸಿದ ಮೇಲೆ ನಿಂತಿತು. ಮೇಲೆ ತೆಳು ಫೋಮ್, ಅದರ ಮೇಲೆ ರೆಕ್ಸಿನ್.

ಶನಿವಾರ

ರೋಗಿ ಐವತ್ತು ದಾಟಿದ ರೈತರು. ಎರಡು ತಿಂಗಳಿನಿಂದ ಕುತ್ತಿಗೆಯ ಕೊಳವೆಯಲ್ಲಿ ಡಯಾಲಿಸಿಸ್. ಎಡಗೈಗೆ ಯಾರೂ ಸೂಜಿ ಚುಚ್ಚದಂತೆ ಮಣಿಕಟ್ಟಿಗೆ ಕೆಂಪು ದಾರ ಕಟ್ಟಿಸಿಕೊಂಡಿದ್ದರು, ಅದು ಡಯಾಲಿಸಿಸ್ ಹುಡುಗನ ಉಪಾಯ. ‘ಯಜಮಾನರೇ, ಕೈ ಇಲ್ಲಿ ಇಡಿ’ ಎಂದಾಗ ಮೇಜು ತಟ್ಟಿ ನೋಡಿ, ‘ಗಟ್ಟಿ ಇದೆ’ ಎಂದರು. ನನಗೆ ಸಿಕ್ಕ ಮೊದಲ ಸರ್ಟಿಫಿಕೇಟ್.

ಸರ್ಜನ್ ಒಂಬತ್ತಕ್ಕೆ ಬಂದರು, ಒಂಬತ್ತೂವರೆಗೆ ಚರ್ಮದ ಮೇಲೆ ಬ್ಲೇಡ್ ಇತ್ತು. ಕಾಫಿ ಒಂದೇ ಆಯಿತು. ಸಿರೆ ಬಿಡಿಸಿದ್ದು, ತುದಿ ಓರೆಯಾಗಿ ಕತ್ತರಿಸಿದ್ದು ಸಲೀಸು. ಹೆಪಾರಿನ್ ಸಲೈನ್‌ನಿಂದ ಸಿರೆ ತೊಳೆಯುವಾಗ ಕೈ ಚಾಚಿ, ‘ಮೊಂಡು ಕ್ಯಾನುಲಾ’ ಎಂದರು. ಇರಲಿಲ್ಲ. ಪಟ್ಟಿಯಲ್ಲೇ ಇರಲಿಲ್ಲ, ನಾನು ಸೂಜಿ ಎಂದುಕೊಂಡು ಬಿಟ್ಟಿದ್ದೆ. ಸಿಸ್ಟರ್ ತಕ್ಷಣ 24 ಗೇಜಿನ ಐವಿ ಕ್ಯಾನುಲಾ ತೆರೆದು, ಸೂಜಿ ಎಳೆದುಹಾಕಿ, ಪ್ಲಾಸ್ಟಿಕ್ ಕೊಳವೆಯನ್ನು 20 ಮಿಲಿ ಸಿರಿಂಜಿಗೆ ಸಿಕ್ಕಿಸಿ ಕೊಟ್ಟರು. ನಡೆಯಿತು.

ಬುಲ್‌ಡಾಗ್ ಎರಡು ಕೂತವು, 11ನೇ ಬ್ಲೇಡಿನ ತುದಿಯಿಂದ ಅಪಧಮನಿಗೆ ಒಂದು ಚುಕ್ಕೆ, ಪಾಟ್ಸ್‌ನಿಂದ ಎಂಟು ಮಿಲಿಮೀಟರ್ ಸೀಳು. ಸೋರಲಿಲ್ಲ. ನಾನು ಮಾತ್ರ ಗುಳ್ಳೆ ಬರುವುದನ್ನೇ ಕಾಯುತ್ತಿದ್ದೆ. ಹೊಲಿಗೆಯ ನಾಲ್ಕನೇ ಕುಟುಕಿಗೆ ಕ್ಯಾಸ್ಟ್ರೊವೀಹೊ ಲಾಕ್ ಹಿಡಿದುಕೊಂಡಿತು. ಎದೆ ಧಸಕ್ಕೆಂದಿತು. ಅವರು ಅದನ್ನು ತಿರುಗಿಸಿ ನೋಡಿ, ಲಾಕಿನ ಕೊಕ್ಕೆಯನ್ನು ಪಕ್ಕಕ್ಕೆ ಸರಿಸಿ ಮುಂದುವರಿಸಿದರು. ‘ಲಾಕ್ ತೆಗೆಸಿಬಿಡಿ’ ಎಂದರು. ‘ಬಿಡಿಸುವಾಗ ಟಕ್ ಎನ್ನುತ್ತದೆ, ಸೂಜಿಯ ತುದಿ ಅಲುಗುತ್ತದೆ. ನನ್ನ ಪೆಟ್ಟಿಗೆಯಲ್ಲಿರುವುದಕ್ಕೂ ಲಾಕ್ ಇಲ್ಲ.’ ಮೂರು ಸಂಜೆ ಕೂತು ನಾನು ಉಜ್ಜಿದ್ದು ಆ ಲಾಕನ್ನೇ. ಅವರ ಪೆಟ್ಟಿಗೆ ಎಷ್ಟೋ ಶನಿವಾರ ನನ್ನ ಕೈಮೇಲೇ ಹಾದುಹೋಗಿತ್ತು, ಅದನ್ನು ಎಣಿಸಿದ್ದೆ, ನೋಡಿರಲಿಲ್ಲ.

ಕ್ಲಾಂಪ್ ಬಿಟ್ಟಾಗ ಸಿರೆ ಉಬ್ಬಿತು. ಅವರು ಬೆರಳಿಟ್ಟು ನೋಡಿ, ನನ್ನ ಕಡೆ ತಲೆಯಾಡಿಸಿ, ‘ನೀವೂ ಇಡಿ’ ಎಂದರು. ಗ್ಲೌಸಿನ ಮೇಲಿಂದಲೇ ಗೊತ್ತಾಯಿತು. ಮುಚ್ಚಿದ ಅಂಗೈಯಲ್ಲಿ ದುಂಬಿ ಸಿಕ್ಕಿಹಾಕಿಕೊಂಡಂಥ ಗುಂಯ್ ಗುಟ್ಟುವಿಕೆ. ಎಣಿಕೆ: ಸೂಜಿ ಸರಿ, ಗಾಜ್ ಸರಿ, ಟೊಪ್ಪಿ ನಾಲ್ಕು.

ಮಧ್ಯಾಹ್ನ ತೊಳೆಯುವಾಗ ಟ್ರೇ ನೋಡಿದೆ. ಸೆಟ್ಟಿನ 34 ಉಪಕರಣಗಳಲ್ಲಿ ಒಂಬತ್ತನ್ನು ಯಾರೂ ಮುಟ್ಟಿರಲಿಲ್ಲ. ಏಳನ್ನು ತೆಗೆದೆ, ಎರಡನ್ನು ಬೇರೆ ಪೊಟ್ಟಣ ಮಾಡಿ ಬೇಕಾದರೆ ತೆರೆಯಲು ಇಟ್ಟೆ. ಮೊಂಡು ಕ್ಯಾನುಲಾ ಎರಡಕ್ಕೆ ಅರ್ಜಿ ಬರೆದೆ. ಲಾಕ್ ತೆಗೆಸಲು ಕ್ಯಾಸ್ಟ್ರೊವೀಹೊ ಬೆಂಗಳೂರಿಗೆ ಹೋಯಿತು. ಈಗ ಕಾರ್ಡಿನ ಮೇಲಿರುವ ಎಣಿಕೆ 27.

ಎರಡು ತಿಂಗಳಾದ ಮೇಲೆ ಒಂದು ಸಂಜೆ ಕ್ಯಾನ್ ಹಿಡಿದು ಕೆಳಗೆ ಹೋದೆ. ಕೊನೆಯ ಪಾಳಿ ಇನ್ನೂ ಮುಗಿದಿರಲಿಲ್ಲ, ಬಾಗಿಲ ಬಳಿ ಕಾಯುತ್ತಾ ನಿಂತೆ. ಮೂರನೇ ಹಾಸಿಗೆಯಲ್ಲಿ ಅದೇ ರೈತರು, ಕುತ್ತಿಗೆಯ ಕೊಳವೆಯಿಂದ ಅಲ್ಲ, ಎಡಗೈಯಲ್ಲಿ ಎರಡು 17 ಗೇಜ್ ಸೂಜಿ, ಕೆಂಪಗೆ ಒಂದು ಕೊಳವೆ ಹೋಗುವುದು, ಒಂದು ಬರುವುದು. ಅಂದು ನಾನು ಮಾಸ್ಕ್ ಹಾಕಿದ್ದೆ, ಅವರಿಗೆ ಗುರುತು ಸಿಗಲಿಲ್ಲ. ನನ್ನ ಕೈಯಲ್ಲಿದ್ದ ಕ್ಯಾನ್ ನೋಡಿ, ‘ನೀರಿಗೆ ಬಂದಿರಾ? ಸ್ವಲ್ಪ ತಡೆಯಿರಿ, ಇನ್ನು ಇಪ್ಪತ್ತು ನಿಮಿಷಕ್ಕೆ ನನ್ನದು ಮುಗಿಯುತ್ತದೆ’ ಎಂದರು.